ಅವನ ಅಂಗೈಯಲ್ಲಿ ಅವಳ ದವಡೆ

"ಬನ್ನಿ ಒಳಗೆ, ಹೆದರಬೇಡಿ... ಇದು ನಿಮ್ಮದೇ!"

ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

ಕಿಟಕಿಯ ಪಕ್ಕದ ಮೇಜಿನ ಹಿಂದೆ ಕುಳಿತಿದ್ದ ಆ ಯುವಕನ ಅಂಗೈಯಲ್ಲಿ ಒಂದು ದವಡೆಯಿತ್ತು. ಕೆಳದವಡೆ. ಕೆನೆ ಬಣ್ಣದ್ದು. ಹಲ್ಲುಗಳೂ ಸಾಲಾಗಿ ಇದ್ದವು. ಮುಂದಿನ ಎರಡರಲ್ಲಿ ಒಂದು ಇನ್ನೊಂದರ ಮೇಲೆ ತುಸು ವಾಲಿಕೊಂಡಿತ್ತು...

ಅವಳ ನಾಲಿಗೆ ತಾನಾಗಿಯೇ ಹೋಗಿ ಬಾಯೊಳಗಿನ ವಾಲಿದ ಹಲ್ಲನ್ನು ಸವರಿ ನೋಡಿತು. ಹೌದು, ಅದೇ ಹಲ್ಲು! ಅದೇ ವಾಲು!

"ನನ್ನದು ಅಂದ್ರೆ? ನನ್ನದು ನನ್ನ ಬಾಯಲ್ಲೇ ಇದೆಯಲ್ಲ!"

ಅವನು ನಕ್ಕುಬಿಟ್ಟ. "ಇದು ಅದರ ಪಡಿಯಚ್ಚು. ನಿಮ್ಮ ಸ್ಕ್ಯಾನ್ ನೋಡ್ಕೊಂಡು ಪ್ರಿಂಟರ್ ಮಾಡಿದ್ದು. ಹನ್ನೊಂದು ಗಂಟೆ ಹಿಡೀತು. ತಗೊಳ್ಳಿ, ಮುಟ್ಟಿ ನೋಡಿ."

ಅವಳು ಎರಡೂ ಕೈ ಚಾಚಿದಳು. ಹಸುಗೂಸನ್ನು ಎತ್ತಿಕೊಳ್ಳುವವರ ಹಾಗೆ.

ಹಗುರವಾಗಿತ್ತು. ಇಷ್ಟು ವರ್ಷ ಉಂಡಿದ್ದು, ನಕ್ಕಿದ್ದು, ಅಕ್ಕನ ಜೊತೆ ಜಗಳವಾಡಿದ್ದು ಎಲ್ಲ ಇದರಲ್ಲೇ... ಇಷ್ಟು ಹಗುರವೇ?

ಹಾಗೆ ನೋಡಿದರೆ ಅವಳು ಈ ಮೂರನೇ ಮಹಡಿಗೆ ಬಂದಿದ್ದು 'ಆಪರೇಷನ್ ಬೇಡ' ಎನ್ನುವ ಮಾತನ್ನು ಗಟ್ಟಿ ಮಾಡಿಕೊಂಡೇ.

ಅವಳು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಯಾವ ಗಾಡಿ ಎಷ್ಟು ತಡ, ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಎಂಟು ವರ್ಷಗಳಿಂದ ಹೇಳುತ್ತಿದ್ದವಳು. ಜೊತೆಯವರು ಪ್ರೀತಿಯಿಂದ 'ಮೈಕಮ್ಮ' ಎನ್ನುತ್ತಿದ್ದರು. ಮೂರು ತಿಂಗಳ ಹಿಂದೆ ಎಡಗಡೆಯ ಹಲ್ಲೊಂದು ಅಲುಗಾಡಿತು. ಹಲ್ಲು ಕೀಳಿಸಲು ಹೋದವಳಿಗೆ ದವಡೆಯೊಳಗೆ ಗಡ್ಡೆ ಇರುವುದು ಗೊತ್ತಾಯಿತು.

"ಕ್ಯಾನ್ಸರ್ ಅಲ್ಲ," ಎಂದಿದ್ದರು ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ. "ಆದ್ರೆ ಗೆದ್ದಲು ಮರ ತಿಂದ ಹಾಗೆ ಮೂಳೆ ತಿನ್ನುತ್ತೆ. ಆ ಭಾಗ ತೆಗೆದು, ಅಲ್ಲಿಗೆ ನಿಮ್ಮ ಕಾಲಿನ ಮೂಳೆ ಕೂರಿಸಬೇಕು."

ಕಾಲಿನ ಮೂಳೆ ಬಾಯಿಗೆ! ಆಮೇಲೆ ಮಾತು? ಧ್ವನಿ? ಮೈಕು?

"ನನಗೆ ಬೇಡ ಡಾಕ್ಟ್ರೇ..."

"ಬೇಡ ಅನ್ನೋಕೆ ಮುಂಚೆ ಒಂದು ಸಲ ಮೇಲೆ ಹೋಗಿ ನಮ್ಮ ಶಿಲ್ಪಿಯನ್ನ ನೋಡಿ ಬನ್ನಿ. ಆಮೇಲೆ ನಿಮ್ಮಿಷ್ಟ."

ಆ ಶಿಲ್ಪಿಯೇ ಇವನು. ಡಾಕ್ಟರಲ್ಲ. ಸ್ಕ್ಯಾನುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಎಲ್ಲಿ ಕೊಯ್ಯಬೇಕು, ಎಲ್ಲಿ ಕೂರಿಸಬೇಕು ಎಂದು ಮೊದಲೇ ನಕ್ಷೆ ಮಾಡಿಕೊಡುವವನು. ಜೊತೆಗೆ ಬಂದ ಅಕ್ಕ, "ನನ್ನ ಕೈಲಿ ಮೂಳೆಗೀಳೆ ನೋಡೋಕಾಗಲ್ಲಪ್ಪ!" ಎಂದು ಹೊರಗೆ ಬೆಂಚಿನ ಮೇಲೆಯೇ ಕೂತುಬಿಟ್ಟಿದ್ದಳು.

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಕಪ್ಪು ಹಿನ್ನೆಲೆಯಲ್ಲಿ ಒಂದು ತಲೆಬುರುಡೆ ತೇಲುತ್ತಿತ್ತು. ಅವನು ಮೌಸ್ ಎಳೆದಂತೆಲ್ಲ ಅದು ಮೆಲ್ಲನೆ ತಿರುಗಿತು.

"ಇವಳೇನಾ... ನಾನು?"

"ನೀವೇ. ಇಲ್ಲಿ ನೋಡಿ, ಈ ಪೊಳ್ಳು ಇದೆಯಲ್ಲ, ಗಡ್ಡೆ ಕೂತಿರೋ ಜಾಗ. ಇದನ್ನ ತೆಗೀತೀವಿ. ಈಗ ಈ ಕಡೆ ನೋಡ್ತಾ ಇರಿ..."

ಒಂದು ಉದ್ದನೆಯ ತೆಳು ಮೂಳೆ ಪರದೆಗೆ ಬಂತು. ಅವಳದೇ ಕಾಲಿನದು. ಅವನು ಅದನ್ನು ಮೂರು ತುಂಡು ಮಾಡಿದ. ಮೊದಲನೆಯದನ್ನು ಓರೆಯಾಗಿಟ್ಟ. ಎರಡನೆಯದನ್ನು ಬಾಗಿಸಿ ಜೋಡಿಸಿದ. ಮೂರನೆಯದು ಬಂದು ಕೂತಾಗ...

ಅಬ್ಬಾ! ಅವಳ ಗಲ್ಲದ ತಿರುವು ಮತ್ತೆ ಮೂಡಿ ನಿಂತಿತ್ತು!

ಇಷ್ಟು ದಿನ ನೆಲದ ಮೇಲೆ ನಡೆದಾಡಿದ ಮೂಳೆ ಮುಖವಾಗಿಬಿಟ್ಟಿತ್ತು. ಅವಳಿಗೆ ಕಣ್ಣು ಮಂಜಾಯಿತು.

"ಈ ಹಳದಿ ದಾರ ಯಾವುದು?"

"ನರ. ಕೆಳತುಟಿಗೆ ಸ್ಪರ್ಶ ಗೊತ್ತಾಗೋದು ಅದರಿಂದಾನೇ."

"ಗಡ್ಡೆ ಜೊತೆ ಅದೂ ಹೋಗುತ್ತಾ?"

ಅವನು ಆ ದಾರವನ್ನು ಪರದೆಯಲ್ಲಿ ದೊಡ್ಡದು ಮಾಡಿದ. "ಹೋಗದ ಹಾಗೆ ದಾರಿ ಹುಡುಕ್ತಿದ್ದೀನಿ. ಸುಳ್ಳು ಹೇಳಲ್ಲ... ಇನ್ನೂ ಸಿಕ್ಕಿಲ್ಲ. ನೀವು ಏನು ಕೆಲಸ ಮಾಡ್ತೀರಿ?"

ಅವಳು ಹೇಳಿದಳು. ಬೆರಳಿನಿಂದ ತುಟಿ ಮುಟ್ಟಿಕೊಂಡು, "ಪ, ಬ, ಮ... ಇವು ಸರಿಯಾಗಿ ಬರದಿದ್ರೆ ನನ್ನ ಕೆಲಸ ಹೋದ ಹಾಗೇ," ಎಂದಳು.

ಅವನು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟ. "ಹಾಗಾದ್ರೆ ಮೊದಲಿಂದ ಇನ್ನೊಂದು ಸಲ ನೋಡಬೇಕು," ಎಂದವನೇ ಕೀಬೋರ್ಡನ್ನು ಹತ್ತಿರ ಎಳೆದುಕೊಂಡ. ಅವಳು ಎದ್ದು ಹೋಗಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಕೆಳಗೆ ಬಂದು ಡಾಕ್ಟರಮ್ಮನಿಗೆ, "ಆಯ್ತು, ಮಾಡಿ," ಎಂದಳು. ಅಕ್ಕ ಅವಳ ಹಣೆ ಮುಟ್ಟಿ ನೋಡಿದಳು!

* * *

ಆಪರೇಷನ್ ಒಂಬತ್ತು ಗಂಟೆ ನಡೆಯಿತು.

ಎಚ್ಚರವಾದಾಗ ಮುಖ ಕುಂಬಳಕಾಯಿಯಷ್ಟಾಗಿತ್ತು. ಉಸಿರಾಟಕ್ಕೆ ಕುತ್ತಿಗೆಯಲ್ಲಿ ಕೊಳವೆ. ಮಾತು ಪೂರ್ತಿ ಬಂದ್. ಕೆಳತುಟಿಯಂತೂ ಇದೆಯೋ ಇಲ್ಲವೋ ತಿಳಿಯದಷ್ಟು ಮರಗಟ್ಟಿತ್ತು.

ವಾರ್ಡಿನ ದೊಡ್ಡ ಸಿಸ್ಟರ್ ಬಂದು, ಪೆನ್ನಿನಂಥದ್ದೊಂದನ್ನು ಅವಳ ದವಡೆಯ ಬಳಿ ಇಟ್ಟರು. ಸಣ್ಣ ಪೆಟ್ಟಿಗೆಯಿಂದ ಸದ್ದು ಹೊರಟಿತು. ಶ್ಶೂ... ಶ್ಶೂ... ಶ್ಶೂ...

"ಕೇಳಿಸ್ತಾ ಮಗಳೇ? ರಕ್ತ ಹರಿಯೋ ಸದ್ದು. ನಿನ್ನ ಕಾಲಿನ ತುಂಡು ಬಾಯಲ್ಲಿ ಜೀವ ಹಿಡಿದಿದೆ!"

ಅವಳು ಕಣ್ಣು ಮುಚ್ಚಿ ಕೇಳಿದಳು. ಗಂಟೆಗೊಮ್ಮೆ ಸಿಸ್ಟರ್ ಬರುವುದನ್ನೇ ಕಾದು ಕೇಳಿದಳು. ಎಂಥೆಂಥ ಗಾಡಿಗಳ ಸದ್ದು ಕೇಳಿದ್ದ ಕಿವಿಗೆ ತನ್ನದೇ ರಕ್ತದ ಈ ಓಟ ಹೊಸದು.

ದಿನವೂ ಮಧ್ಯಾಹ್ನ ಶಿಲ್ಪಿ ಬರುತ್ತಿದ್ದ. ಮಂಚದ ತುದಿಯಲ್ಲಿ ಎರಡು ನಿಮಿಷ ನಿಲ್ಲುತ್ತಿದ್ದ. "ಚೆನ್ನಾಗಿ ಕೂತಿದೆ," ಎನ್ನುತ್ತಿದ್ದ. ಅಷ್ಟೇ!

ಆ ಎರಡು ನಿಮಿಷಕ್ಕಾಗಿ ಅವಳು ತಲೆ ಬಾಚಿಸಿಕೊಳ್ಳಲು ಶುರುಮಾಡಿದ್ದನ್ನು ಅಕ್ಕ ಗಮನಿಸಿದಳು.

ಹದಿನಾಲ್ಕನೇ ದಿನ ಮನೆಗೆ ಕಳಿಸುವಾಗ ಸಿಸ್ಟರ್ ಅವಳ ಫೋನಿಗೆ ಆಸ್ಪತ್ರೆಯ ಆಪ್ ಹಾಕಿಕೊಟ್ಟರು. ದಿನಾ ಬೆಳಗ್ಗೆ ಹತ್ತಕ್ಕೆ ಮುಖದ, ಬಾಯಿಯ ಫೋಟೋ ಕಳಿಸಬೇಕು. ನೋವು ಹತ್ತಕ್ಕೆ ಎಷ್ಟು ಅಂತ ಒತ್ತಬೇಕು. ಕೊಟ್ಟ ಪದಗಳನ್ನು ಓದಿ ರೆಕಾರ್ಡ್ ಮಾಡಬೇಕು. ಕೊನೆಗೊಂದು ಖಾಲಿ ಚೌಕ: 'ಇನ್ನೇನಾದರೂ ಹೇಳಬೇಕೆ?'

ಉತ್ತರಗಳು 'ಆರೈಕೆ ತಂಡ' ಎಂಬ ಹೆಸರಲ್ಲಿ ಬರುತ್ತಿದ್ದವು.

"ಅದೆಲ್ಲ ಮಿಷೀನ್ ಕಣಮ್ಮಾ," ಎಂದ ಭಾವ. "ಅಲ್ಲಿ ಯಾರು ಕೂತಿರ್ತಾರೆ ನಿನ್ನ ಕಥೆ ಓದೋಕೆ?"

ಮಿಷೀನ್ ಆದರೆ ಒಳ್ಳೆಯದೇ ಆಯಿತು ಎನಿಸಿತು ಅವಳಿಗೆ. ಮಿಷೀನಿನ ಮುಂದೆ ಎಂಥ ನಾಚಿಕೆ!

'ಇವತ್ತು ಬಾಯಿ ನೋವು ಮೂರು. ಕನ್ನಡಿ ನೋಡಿದ ನೋವು ಹತ್ತು,' ಎಂದು ಬರೆದಳು.

'ಮೂರಕ್ಕೆ ಮಾತ್ರೆ ಇದೆ. ಹತ್ತಕ್ಕೆ, ಕನ್ನಡಿಗೆ ಒಂದು ಟವೆಲ್ ಹೊದಿಸಿ. ಮುಂದಿನ ವಾರ ತೆಗೆದು ನೋಡಿ,' ಎಂದು ಉತ್ತರ ಬಂತು.

ಅವಳು ಅರ್ಧ ತುಟಿಯಲ್ಲೇ ನಕ್ಕಳು. ಎಂಥಾ ಮಿಷೀನಪ್ಪ ಇದು!

ದಿನ ಹೋದಂತೆ ಖಾಲಿ ಚೌಕ ತುಂಬುತ್ತಾ ಬಂತು. ಒಂದು ಬೆಳಗ್ಗೆ ಮನಸ್ಸು ಕಟ್ಟೆಯೊಡೆಯಿತು.

'ನನ್ನ ದವಡೆ ಮಾಡಿದವರು ಇದ್ದಾರಲ್ಲ... ಅವರ ಎರಡು ನಿಮಿಷಕ್ಕೆ ನಾನು ಇಡೀ ದಿನ ಕಾಯ್ತಿದ್ದೆ. ನನ್ನ ಮೂಳೆಮೂಳೆಯನ್ನೂ ನೋಡಿದ್ದಾರೆ. ಈ ಊದಿದ ಮುಖ, ಈ ಜೋತ ತುಟಿ... ಇದನ್ನೂ ನೋಡಿ ಇಷ್ಟಪಡ್ತಾರಾ? ಯಾರಿಗೂ ಹೇಳಿಲ್ಲ. ನಿನಗೆ ಹೇಳ್ತಿದ್ದೀನಿ. ನೀನು ಮಿಷೀನ್ ಅಲ್ವಾ?'

ಅವತ್ತು ಉತ್ತರ ಎರಡು ಗಂಟೆ ತಡವಾಗಿ ಬಂತು.

'ಅವಸರ ಬೇಡ. ಮೂಳೆ ಆಗಲಿ, ಮನಸ್ಸಾಗಲಿ, ಕೂಡೋಕೆ ಸಮಯ ಬೇಕು.'

ಅವಳು ಅದನ್ನು ಹತ್ತು ಸಲ ಓದಿದಳು. ಮನಸ್ಸಿನ ವಿಷಯ ಇದಕ್ಕೆ ಹೇಗೆ ಗೊತ್ತು!

* * *

ಐದನೇ ವಾರ ತಪಾಸಣೆಗೆ ಕರೆದರು.

ಡಾಕ್ಟರಮ್ಮನ ಕೋಣೆಯಲ್ಲಿ ಶಿಲ್ಪಿಯೂ ಇದ್ದ. ಹೊಸ ಸ್ಕ್ಯಾನನ್ನು ತನ್ನ ನಕ್ಷೆಯ ಮೇಲೆ ಹೊಂದಿಸಿ ನೋಡುತ್ತಿದ್ದ. ಎರಡೂ ಗೆರೆ ಒಂದರ ಮೇಲೊಂದು ಕೂತಿದ್ದವು.

"ಇನ್ನೂ ಎಷ್ಟು ದಿನ?" ಎಂದು ತೊದಲಿದಳು ಅವಳು. ಮಾತು ಇನ್ನೂ ಜೊಲ್ಲಿನಲ್ಲಿ ಜಾರುತ್ತಿತ್ತು.

ಅವನು ಪರದೆಯಿಂದ ಕಣ್ಣು ತೆಗೆಯದೆ ಅಂದ: "ಅವಸರ ಬೇಡ. ಮೂಳೆ ಆಗಲಿ, ಮನಸ್ಸಾಗಲಿ, ಕೂಡೋಕೆ ಸಮಯ ಬೇಕು."

ಅವಳು ಥಟ್ಟನೆ ಅವನ ಕಡೆ ತಿರುಗಿದಳು.

ಅದೇ ಮಾತು! ಒಂದಕ್ಷರ ಆಚೀಚೆ ಇಲ್ಲ!

'ಅಂದರೆ... ಆರೈಕೆ ತಂಡ ಅಂದರೆ ಇವರೇನಾ? ನಾನು ಬರೆದಿದ್ದೆಲ್ಲ ಇವರು ಓದಿದ್ದಾರಾ? ಅಯ್ಯೋ!'

ಅಷ್ಟರಲ್ಲಿ ಡಾಕ್ಟರಮ್ಮ ಅಂದರು. "ಮುಂದಿನ ಸಲದಿಂದ ನಿಮ್ಮ ಫೈಲ್ ಇನ್ನೊಬ್ಬರು ನೋಡ್ಕೊಳ್ತಾರೆ ಕಣಮ್ಮಾ. ಇವನೇ ಬಿಟ್ಟುಕೊಡ್ತೀನಿ ಅಂತ ಕೇಳಿಕೊಂಡ."

ಅವಳು ಅವನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

ಅವಳಿಗೆ ಎಲ್ಲ ಸ್ಪಷ್ಟವಾದಂತೆನಿಸಿತು. 'ಓದಿದರು. ಮುಜುಗರವಾಯಿತು. ಕೈ ತೊಳೆದುಕೊಂಡರು. ಇನ್ನೇನು ಬೇಕು ನನಗೆ?'

ಮನೆಗೆ ಬಂದವಳೇ ಫೋನನ್ನು ಬೀರುವಿನ ಬಟ್ಟೆಗಳ ಕೆಳಗೆ ತುರುಕಿದಳು. ಮರುದಿನ ಹತ್ತು ಗಂಟೆಗೆ ಫೋಟೋ ಹೋಗಲಿಲ್ಲ. ಅದರ ಮರುದಿನವೂ ಇಲ್ಲ.

ದವಡೆಯ ಕೆಳಗೆ ಸಣ್ಣಗೆ ಕಾವು ಶುರುವಾಗಿತ್ತು. ಅಕ್ಕ ಕೇಳಿದರೆ, "ಏನಿಲ್ಲ, ಚೆನ್ನಾಗೇ ಇದೀನಿ," ಎಂದಳು. ಮೂರನೇ ದಿನ ಗಂಜಿಯ ಲೋಟವನ್ನು ಮುಟ್ಟಲಿಲ್ಲ.

ಆದರೆ ಆಸ್ಪತ್ರೆಯಲ್ಲಿ, ಅವಳ ಹೆಸರಿನ ಮುಂದೆ ಒಂದು ಕೆಂಪು ಚುಕ್ಕಿ ಹೊತ್ತಿಕೊಂಡಿತ್ತು. ಮೂರು ದಿನ ಸುದ್ದಿಯಿಲ್ಲದಿದ್ದರೆ ತಾನಾಗಿ ಹೊತ್ತುವ ಚುಕ್ಕಿ ಅದು. ದೊಡ್ಡ ಸಿಸ್ಟರ್ ನೇರ ಅಕ್ಕನಿಗೆ ಫೋನ್ ಮಾಡಿದರು.

ಅಕ್ಕ ಸೊಂಟಕ್ಕೆ ಕೈಕೊಟ್ಟು ಎದುರು ನಿಂತಳು. "ಬಾಯಿ ತೆಗಿ!"

"ಬೇಡ ಅಕ್ಕ..."

"ತೆಗೀತೀಯೋ, ನಿನ್ನ ಭಾವನ್ನ ಕರೀಲೋ?"

ಫೋಟೋ ಹೋಯಿತು. ನಾಲ್ಕೇ ನಿಮಿಷಕ್ಕೆ ಫೋನ್ ಬಂತು. ಸಿಸ್ಟರ್ ದನಿಯಲ್ಲಿ ನಗುವಿರಲಿಲ್ಲ. "ಈಗಲೇ ಕರ್ಕೊಂಡು ಬನ್ನಿ. ಬಟ್ಟೆ ಬದಲಾಯಿಸ್ತಾ ಕೂರಬೇಡಿ."

ಮೂಳೆಯ ತುಂಡುಗಳನ್ನು ಹಿಡಿದಿಟ್ಟಿದ್ದ ಲೋಹದ ಪಟ್ಟಿಯ ಬಳಿ ಕೀವು ಕಟ್ಟಿತ್ತು. ಡಾಕ್ಟರಮ್ಮ ತೆರೆದು, ತೊಳೆದು, ಹೊರಗೆ ಬಂದು ಅಕ್ಕನಿಗೆ ಹೇಳಿದರು: "ಇನ್ನೆರಡು ದಿನ ಬಿಟ್ಟಿದ್ರೆ ಆ ಮೂಳೆ ಕೈತಪ್ಪಿ ಹೋಗ್ತಿತ್ತು."

ಅಕ್ಕ ಅಲ್ಲೇ ನಿಂತು ಗಂಡನಿಗೆ ಫೋನ್ ಮಾಡಿದಳು.

* * *

ಎರಡನೇ ದಿನ ಬೆಳಗ್ಗೆ ದೊಡ್ಡ ಸಿಸ್ಟರ್ ಟ್ಯಾಬ್ ಹಿಡಿದುಕೊಂಡು ಬಂದು ಅವಳ ಪಕ್ಕ ಕೂತರು.

"ನೋಡು, ನೀನು ಕಳಿಸಿದ ಫೋಟೋಗಳು. ಸಾಲಾಗಿ ಹಾಕಿದ್ದೀನಿ."

ಮೊದಲನೆಯದರಲ್ಲಿ ಗುರುತೇ ಸಿಗದ ಮುಖ. ಐದನೆಯದರಲ್ಲಿ ಕಣ್ಣು ಕಾಣಿಸಿತು. ಹತ್ತನೆಯದರಲ್ಲಿ ಗಲ್ಲದ ಗೆರೆ. ಇಪ್ಪತ್ತನೆಯದರಲ್ಲಿ... ಅವಳು! ದಿನಾ ಕನ್ನಡಿಯಲ್ಲಿ ಊತವನ್ನಷ್ಟೇ ಕಂಡಿದ್ದವಳಿಗೆ, ತನ್ನ ಮುಖ ತಾನೇ ನಡೆದುಕೊಂಡು ವಾಪಸ್ಸು ಬರುತ್ತಿರುವುದು ಈಗ ಕಂಡಿತು.

"ಮೂರು ದಿನ ಯಾಕೆ ಕಳಿಸಲಿಲ್ಲ?"

ಮತ್ತೆ ಊದಿದ್ದ ಬಾಯಿಂದ ಮಾತು ಹೊರಡುತ್ತಿರಲಿಲ್ಲ; ಅವಳು ಟ್ಯಾಬ್ ತೆಗೆದುಕೊಂಡು ಬರೆದಳು: 'ಅವರು ಎಲ್ಲ ಓದಿದ್ದಾರೆ. ಅವಸರ ಬೇಡ ಅನ್ನೋ ಆ ಮಾತು ಅವರ ಬಾಯಲ್ಲೇ ಕೇಳಿದೆ.'

ಸಿಸ್ಟರ್ ಓದಿದರು. ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಬಂಗಾರಿ! ಅದು ಡಾಕ್ಟರಮ್ಮನ ಮಾತು ಕಣೇ! ಹದಿನೈದು ವರ್ಷದಿಂದ ಇಡೀ ವಾರ್ಡಿಗೆ ಬಾಯಿಪಾಠ. ಗೋಡೆಗೆ ಬರೆಸಿ ಹಾಕೋದೊಂದು ಬಾಕಿ!"

ಅವಳು ಕಣ್ಣರಳಿಸಿದಳು.

"ಉತ್ತರ ಬರೀತಿದ್ದಿದ್ದು ನಾನು," ಎಂದರು ಸಿಸ್ಟರ್, ದನಿ ತಗ್ಗಿಸಿ. "ಮಿಷೀನ್ ಅಲ್ವಾ ಅಂತ ನೀನು ಕೇಳಿದಾಗ ಎರಡು ಗಂಟೆ ಒದ್ದಾಡಿದೆ. ಮನುಷ್ಯಳು ಅಂದ್ರೆ ನೀನು ಬಾಯಿ ಮುಚ್ಚಿಬಿಡ್ತೀಯ ಅಂತ ಹೇಳಲಿಲ್ಲ. ಅದು ನನ್ನ ತಪ್ಪು. ಇಲ್ಲಿ ನೋಡು, ನಿನ್ನ ಮಾತು ಯಾರ್ಯಾರು ತೆರೆದಿದ್ದಾರೆ ಅಂತ ಆಪೇ ಬರೆದಿಟ್ಟಿರುತ್ತೆ."

ಪಟ್ಟಿಯ ತುಂಬ ಸಿಸ್ಟರ್ ಹೆಸರೇ. ಒಂದೆರಡು ಕಡೆ ಡಾಕ್ಟರಮ್ಮನದು. ಬೇರೆ ಯಾರದೂ ಇಲ್ಲ.

"ಅವನಿಗೆ ಸಿಗೋದು ನಿನ್ನ ಮೂಳೆ ಮಾತ್ರ. ಆ ನರ ಉಳಿಸೋಕೆ ಏಳು ಸಲ ನಕ್ಷೆ ಅಳಿಸಿ ಬರೆದ. ಆರು ಸಲ ಡಾಕ್ಟರಮ್ಮ ಆಗಲ್ಲ ಅಂದ್ರು. ಏಳನೇದಕ್ಕೆ ಒಪ್ಪಿದ್ರು. ನರ ಉಳಿದಿದೆ ಮಗಳೇ, ನಿದ್ದೆ ಮಾಡ್ತಿದೆ ಅಷ್ಟೇ."

ಏಳು ಸಲ! ಅವಳ ಕಣ್ಣಿಂದ ನೀರು ದಳದಳ ಇಳಿಯಿತು. ಅದು ತುಟಿ ದಾಟಿದ್ದು ಮಾತ್ರ ಗೊತ್ತಾಗಲಿಲ್ಲ.

'ಮತ್ತೆ ಫೈಲ್ ಯಾಕೆ ಬಿಟ್ಟುಕೊಟ್ಟರು?'

"ಅದನ್ನ ಅವನನ್ನೇ ಕೇಳು. ನನ್ನ ಹೊಟ್ಟೇಲಿ ಇನ್ನೊಂದು ಗುಟ್ಟಿಗೆ ಜಾಗ ಇಲ್ಲ!"

ಮಧ್ಯಾಹ್ನ ಅವನು ಬಂದ. ಈ ಸಲ ಮಂಚದ ತುದಿಯಲ್ಲಿ ನಿಲ್ಲಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತ.

"ನಿಮ್ಮ ಫೈಲ್ ತೆರೆದ್ರೆ ನನಗೆ ಮೂಳೆ ಕಾಣ್ತಿರಲಿಲ್ಲ," ಎಂದ. "ನೀವು ಕಾಣ್ತಿದ್ರಿ. ಮುಂದೆ ಹಲ್ಲು ಕೂರಿಸೋ ನಕ್ಷೆ ಮಾಡಬೇಕು. ಅಳತೆ ಕೂದಲೆಳೆ ತಪ್ಪಿದ್ರೂ ನಿಮಗೇ ಕಷ್ಟ. ಮನಸ್ಸು ಸ್ಥಿಮಿತದಲ್ಲಿ ಇಲ್ಲದವನು ಆ ಕೆಲಸ ಮಾಡಬಾರದು. ಅದಕ್ಕೇ ಡಾಕ್ಟರಮ್ಮನ ಹತ್ರ ಹೇಳ್ಕೊಂಡೆ... ನಿಮಗೆ ಹೇಳೋ ಧೈರ್ಯ ಬರಲಿಲ್ಲ."

ದಿಂಬಿಗೆ ಒರಗಿದ್ದವಳು ಎದ್ದು ಕೂತಳು.

ಟ್ಯಾಬ್ ಹತ್ತಿರದಲ್ಲೇ ಇತ್ತು. ಬರೆದುಬಿಡಬಹುದಿತ್ತು. ಮೂರೇ ಪದ. ಬೆರಳು ಅಕ್ಷರಗಳ ಮೇಲೆ ಹೋಗಿ ನಿಂತಿತು. ಆಮೇಲೆ ಬೇರೆಯೇ ಬರೆಯಿತು:

'ನನಗೂ ಹೇಳೋದಿದೆ. ಬರೆದು ಹೇಳಲ್ಲ. ಬಾಯಿಂದ ಹೇಳ್ತೀನಿ. ಕಾಯ್ತೀರಾ?'

"ಎಷ್ಟು ದಿನ?"

'ಗೊತ್ತಿಲ್ಲ.'

"ಸರಿ," ಎಂದ ಅವನು. "ನಿಮ್ಮ ಚಿಕಿತ್ಸೆ ಮುಗಿಯೋವರೆಗೂ ನಾನು ಏನೂ ಕೇಳಲ್ಲ."

* * *

ಅವನು ಕೇಳಲಿಲ್ಲ. ಒಂದು ಮೆಸೇಜ್ ಕೂಡ ಇಲ್ಲ. ವಾರ್ಡಿನ ಮುಂದೆ ಎದುರಾದರೆ ಸಣ್ಣ ನಗು, ಅಷ್ಟೇ.

ಅವಳು ಮಾತ್ರ ಹಟಕ್ಕೆ ಬಿದ್ದಳು. ದಿನಾ ಬೆಳಗ್ಗೆ ಫೋನಿನ ಮುಂದೆ ಕೂತು ಪ, ಬ, ಮ. ಪಾಪ, ಬಾಬು, ಮಾಮ. ಹೇಳಿದ್ದು ಪರದೆಯ ಮೇಲೆ ಅಲೆಅಲೆಯಾಗಿ ಏಳುತ್ತಿತ್ತು. ಮೊದಮೊದಲು ಅಲೆಗಳು ಚಪ್ಪಟೆ. ತುಟಿ ಕೂಡುತ್ತಲೇ ಇರಲಿಲ್ಲ.

"ನಿನ್ನ ಮಾಮ ಇನ್ನೂ ಹಾಮ ಆಗಿಯೇ ಇದ್ದಾನಲ್ಲಮ್ಮಾ!" ಎಂದು ಭಾವ ಕೀಟಲೆ ಮಾಡಿದರೆ ಅಕ್ಕ ಸೌಟು ಎತ್ತುತ್ತಿದ್ದಳು.

ನಾಲ್ಕನೇ ತಿಂಗಳ ಒಂದು ಬೆಳಗ್ಗೆ ನೀರು ಕುಡಿಯುವಾಗ ಕೆಳತುಟಿಯ ಎಡಗಡೆ ಇರುವೆ ಹರಿದಂತಾಯಿತು. ಒರೆಸಿಕೊಂಡಳು. ಇರುವೆ ಇರಲಿಲ್ಲ. ಮತ್ತೆ ಹರಿಯಿತು.

"ಅಕ್ಕಾ! ತಣ್ಣಗಿದೆ! ನೀರು ತಣ್ಣಗಿದೆ ಅಂತ ಗೊತ್ತಾಗ್ತಿದೆ!"

ಅಕ್ಕ ತಂಗಿ ಇಬ್ಬರೂ ಅಡುಗೆಮನೆಯಲ್ಲೇ ಅತ್ತರು. ಅವಳು ಒಂದರ ಹಿಂದೊಂದು ನಾಲ್ಕು ಲೋಟ ತಣ್ಣೀರು ಕುಡಿದಳು!

ಏಳನೇ ತಿಂಗಳು ಹೊಸ ಹಲ್ಲುಗಳು ಬಂದವು. ಕೊನೆಯ ಎಕ್ಸ್-ರೇ ನೋಡುತ್ತಾ ಡಾಕ್ಟರಮ್ಮ, "ಎಲ್ಲಿ ಜೋಡಿಸಿದ್ದು ಅಂತ ತೋರಿಸಿ ನೋಡೋಣ?" ಎಂದರು. ಅವಳು ಎಷ್ಟು ಹುಡುಕಿದರೂ ಗೆರೆ ಸಿಗಲಿಲ್ಲ. ಕಾಲು ಯಾವುದು, ದವಡೆ ಯಾವುದು? ಒಂದೇ ಮೂಳೆ ತಡೆಯಿಲ್ಲದೆ ಹರಿದಿತ್ತು.

ಅವಳಿಗೆ ಕೈ ಮುಗಿಯಬೇಕೆನಿಸಿತು. ಯಾರಿಗೆ ಎಂದು ಗೊತ್ತಾಗದೆ ಎಕ್ಸ್-ರೇಗೇ ಮುಗಿದಳು. ಡಾಕ್ಟರಮ್ಮ ನಗಲಿಲ್ಲ. "ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೀನಿ," ಎಂದರು. ಆಮೇಲೆ ಫೈಲಿನ ಮೇಲೆ 'ಚಿಕಿತ್ಸೆ ಪೂರ್ಣ' ಎಂದು ಬರೆದರು.

ಹತ್ತು ದಿನದ ಹಿಂದೆಯೇ ಅವಳು ಮೈಕಿನ ಮುಂದೆ ಮರಳಿ ಕೂತಿದ್ದಳು. ಅರ್ಧ ದಿನದ ಪಾಳಿ. ಒಂದೆರಡು ಅಕ್ಷರ ಜಾರುತ್ತಿದ್ದವು. ಗಾಡಿ ತಪ್ಪಿತು ಎಂದು ದೂರು ಕೊಟ್ಟವರು ಯಾರೂ ಇರಲಿಲ್ಲ.

ಅವತ್ತು ನಾಲ್ಕು ಗಂಟೆಗೆ ಕೆಲಸ ಮುಗಿಸಿ ಹೊರಬಂದ ಶಿಲ್ಪಿಗೆ, ಆಸ್ಪತ್ರೆಯ ಅಂಗಳದ ಕಲ್ಲುಬೆಂಚಿನ ಮೇಲೆ ಕೂತಿದ್ದ ಅವಳು ಕಂಡಳು. ಅವನ ಹೆಜ್ಜೆ ನಿಧಾನವಾಯಿತು.

"ಮುಗೀತು," ಎಂದಳು ಅವಳು ಎದ್ದು ನಿಂತು. "ಇನ್ನು ನಾನು ಯಾರ ರೋಗಿಯೂ ಅಲ್ಲ."

"ಗೊತ್ತಾಯ್ತು. ಸಿಸ್ಟರ್ ಮೂರು ಸಲ ಫೋನ್ ಮಾಡಿದ್ರು."

ಇಬ್ಬರೂ ನಕ್ಕರು. ಅವಳು ಉಸಿರೆಳೆದುಕೊಂಡಳು. ಏಳು ತಿಂಗಳ ಅಭ್ಯಾಸ!

"ನಾನು... ನಿಮ್ಮನ್ನ... ಫ್ರೀತಿಸ್ತೀನಿ."

ಥತ್! ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಇರಿ, ಇರಿ! ಅದು ಲೆಕ್ಕಕ್ಕಿಲ್ಲ! ಮನೇಲಿ ಸರಿಯಾಗೇ ಬರ್ತಿತ್ತು. ಇನ್ನೊಂದು ಸಲ ಹೇಳ್ತೀನಿ..."

"ಬೇಡ!" ಅವನ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಅದನ್ನ ಮಾತ್ರ ತಿದ್ದಬೇಡಿ. ಇಡೀ ಊರಲ್ಲಿ ಫ್ರೀತಿ ಸಿಕ್ಕಿರೋದು ನನಗೊಬ್ಬನಿಗೇ."

ಅವಳು ಬೆರಳ ಸಂದಿಯಿಂದ ನೋಡಿದಳು. "ನೀವು ಹೇಳಲ್ವಾ?"

"ನಾನೂ... ಫ್ರೀತಿಸ್ತೀನಿ."

"ಅಣಕಿಸ್ತೀರಾ ನನ್ನ?"

"ಅಯ್ಯೋ ಇಲ್ಲ! ನಿಜವಾಗ್ಲೂ ನನ್ನ ತುಟಿ ನಡುಗ್ತಿದೆ!"

ಹೌದು, ನಡುಗುತ್ತಿತ್ತು. ಅವಳು ಅಚ್ಚರಿಯಿಂದ ನೋಡಿದಳು. ಕೂದಲೆಳೆಯ ಅಳತೆಯಲ್ಲಿ ಕೆಲಸ ಮಾಡುವ ಮನುಷ್ಯ, ತನ್ನ ಒಂದು ಮಾತಿಗೆ ಇಷ್ಟು ನಡುಗುತ್ತಾನೆಯೇ! ಅವಳು ಮೆಲ್ಲನೆ ಕೈ ಚಾಚಿದಳು. ಅವನು ಹಿಡಿದುಕೊಂಡ. ಇಬ್ಬರೂ ಗೇಟಿನ ಕಡೆ ನಡೆದರು.

"ಒಂದು ಮಾತು," ಎಂದಳು ಅವಳು. "ಈ 'ನೀವು' ಅನ್ನೋದು ಬಿಡ್ತೀರಾ?"

"ಬಿಡ್ತೀನಿ. ಮೊದಲು ನೀವು ಬಿಡಿ."

"ಊಹ್ಞೂಂ. ಮೊದಲು ನೀವು."

ಅವನು ಗೇಟಿನ ಬಳಿ ಬಂದು ನಿಂತ. ಕಿವಿ ಕೆಂಪಗಾಗಿತ್ತು.

"ಸರಿ... ನೀನು, ಈಗ ಎಲ್ಲಿಗೆ ಹೋಗೋಣ ಹೇಳು."

"ಎಲ್ಲಿಗಾದ್ರೂ," ಎಂದಳು ಅವಳು. "ನೀನು ನಿಧಾನ ನಡಿ. ನನ್ನ ಕಾಲಲ್ಲಿ ಒಂದು ಮೂಳೆ ಕಮ್ಮಿ ಇದೆ!"